ಹೆಡ್‌ಲೈಟ್ ಹಾಕಿದರೆ ಏರುವ ಡೀಸೆಲ್

ಟ್ರ್ಯಾಕ್ಟರಿನ ಹೆಡ್‌ಲೈಟ್ ಹಾಕಿದರೆ ಟ್ಯಾಂಕಿನಲ್ಲಿ ಡೀಸೆಲ್ ಹೆಚ್ಚಾಗುತ್ತದೆಯೇ?

ನಿಫಾಡದ ಹತ್ತಿರದ ದತ್ತು ಎಂಬ ರೈತನ ಟ್ರ್ಯಾಕ್ಟರಿನಲ್ಲಿ ಆಗುತ್ತಿತ್ತು. ಲೈಟ್ ಹಾಕಿದರೆ ಡೀಸೆಲ್ ಮುಳ್ಳು ಅರ್ಧದಿಂದ ಫುಲ್ಲಿಗೆ ಹೋಗುತ್ತಿತ್ತು. ಪಕ್ಕದ ಟೆಂಪರೇಚರ್ ಮುಳ್ಳೂ ಅದರ ಜೊತೆಗೇ ಮೇಲೇರುತ್ತಿತ್ತು. ಇಂಡಿಕೇಟರ್ ಹಾಕಿದರೆ ಎರಡೂ ತಾಳ ಹಾಕಿದಂತೆ ಕುಣಿಯುತ್ತಿದ್ದವು.

ದ್ರಾಕ್ಷಿ ಸಾಲುಗಳ ನಡುವೆ ಓಡಾಡುವ ಪುಟ್ಟ ಟ್ರ್ಯಾಕ್ಟರ್ ಅದು. (ಆಟಿಕೆ ಎಂದು ನಗಬೇಡಿ, ದೊಡ್ಡ ಟ್ರ್ಯಾಕ್ಟರ್ ಆ ಸಾಲಿನಲ್ಲಿ ತಲೆಯನ್ನೂ ತೂರಿಸಲಾರದು.) ಯಾರೋ ಹೇಳಿದರೆಂದು ದತ್ತು ಎಂಜಿನ್ನಿನ ಟೆಂಪರೇಚರ್ ಸೆನ್ಸರ್ ಬದಲಿಸಿ ನೋಡಿದ್ದ. ಪ್ರಯೋಜನವಾಗಿರಲಿಲ್ಲ. ಕೊನೆಗೆ ನಾಸಿಕದಿಂದ, ಗಾಡಿಗಳ ವೈರಿಂಗ್ ಮಿಸ್ತ್ರಿಯಾದ ನನ್ನನ್ನು ಕರೆಸಿದ.

ಈ ಅಂಕಣ ಓದುವವರಿಗೆ ನನ್ನ ಪಾಠ ಗೊತ್ತೇ ಇದೆ. ಒಂದು ಮೀಟರ್ ತಪ್ಪು ತೋರಿಸಿದರೆ ಅದರ ಸೆನ್ಸರ್ ನೋಡಿ, ಅದರ ವೈರ್ ನೋಡಿ. ಎರಡು ಮೀಟರ್ ಒಟ್ಟಿಗೆ ತಪ್ಪು ತೋರಿಸಿದರೆ? ಎರಡಕ್ಕೂ ಕೂಡಿ ಏನಿದೆಯೋ ಅದನ್ನು ನೋಡಿ. ಹೆಚ್ಚಾಗಿ ಅದು ಅರ್ಥಿಂಗ್. ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿ ಕಟ್ಟಿದರೆ ಅದು ಸಿಕ್ಕ ದಾರಿಯಲ್ಲಿ ನುಗ್ಗುತ್ತದೆ, ಮುಳ್ಳುಗಳನ್ನೂ ಎಳೆದುಕೊಂಡು.

ಒಂದು ತುಂಡು ವೈರ್ ತೆಗೆದುಕೊಂಡೆ. ಮೀಟರ್ ಬೋರ್ಡಿನ ಅರ್ಥಿಂಗಿನಿಂದ ನೇರ ಬ್ಯಾಟರಿಯ ಮೈನಸ್ಸಿಗೆ ಹಿಡಿದೆ. ಲೈಟ್ ಹಾಕಲು ಹೇಳಿದೆ. ಮುಳ್ಳುಗಳು ಅಲುಗಲಿಲ್ಲ. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಕಾರಣ? ದಸರೆ. ನಮ್ಮಲ್ಲಿ ದಸರೆಗೆ ಪ್ರತಿ ಗಾಡಿಗೂ ಪೂಜೆ ಆಗಲೇಬೇಕು. ದತ್ತು ಈ ಸಲ ಭಕ್ತಿ ಹೆಚ್ಚಾಗಿ ಟ್ರ್ಯಾಕ್ಟರಿಗೆ ಹೊಸ ಬಣ್ಣವನ್ನೇ ಹೊಡೆದಿದ್ದ. ಮೀಟರ್ ಬೋರ್ಡ್ ಬಿಚ್ಚಿ, ಅದರ ಹಿಂದಿನ ಕಬ್ಬಿಣಕ್ಕೂ ದಪ್ಪನೆಯ ಕೆಂಪು ಬಳಿದು, ಆ ಬಣ್ಣದ ಮೇಲೆಯೇ ಅರ್ಥಿಂಗ್ ವೈರ್ ಇಟ್ಟು ಬೋಲ್ಟ್ ಹಾಕಿದ್ದ. ಕಬ್ಬಿಣಕ್ಕೆ ವೈರ್ ತಾಗಿದರೆ ತಾನೇ?

ಮಾಡಬೇಕಾದದ್ದು ಇಷ್ಟೇ. ಬೋಲ್ಟ್ ಬಿಚ್ಚಿ, ಕೆಳಗಿನ ಬಣ್ಣವನ್ನು ಪಾಲಿಶ್ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ವೈರ್ ಕೂರಿಸಿ ಬಿಗಿಯುವುದು.

ಬೋಲ್ಟ್ ಬಿಚ್ಚಲು ಪಾನಾ ಹಾಕಿದ್ದೆ. ಅಷ್ಟರಲ್ಲಿ ಅಂಗಳದಿಂದ ದನಿ ಬಂತು.

"ಕಾಕಾ, ಮೊದಲ್ ಊಟ ಮಾಡ್ರಿ. ಆ ಮುಳ್ಳ್ ಎಲ್ಲಿಗಿ ಓಡಿ ಹೋತದ?"

ಕನ್ನಡ. ನಿಫಾಡದ ದ್ರಾಕ್ಷಿ ತೋಟದಲ್ಲಿ ಬೀದರಿನ ಕನ್ನಡ.

ದತ್ತುವಿನ ಹೆಂಡತಿ ಮಹಾನಂದಾ ಭಾಲ್ಕಿ ಕಡೆಯವಳು. ನಾನು ಹುಮನಾಬಾದಿನವನು. ಆಮೇಲೆ ಕೇಳಬೇಕೆ? ರೊಟ್ಟಿ, ಪುಂಡಿ ಪಲ್ಯ, ಸೇಂಗಾ ಹಿಂಡಿ, ಮತ್ತು ಮಾತು. "ನಮ್ ಕಡಿ ಮಾತ್ ಕೇಳಿ ಭಾಳ ದಿನ ಆಗಿತ್ರಿ" ಎಂದಳು. ಗಂಡನ ಕಡೆ ನೋಡಿ, "ಇವರಿಗಿ ಕನ್ನಡದಾಗ ಬೈದ್ರೂ ತಿಳಿಯಲ್ಲ. ಅದೊಂದ್ ಸುಖ ಅದ ನೋಡ್ರಿ" ಎಂದಳು. ತನ್ನ ಬಗ್ಗೆಯೇ ಮಾತು ಎಂದು ತಿಳಿದ ದತ್ತು ಸುಮ್ಮನೆ ನಕ್ಕ.

ನನ್ನ ಹೆಂಡತಿ ಹೋದ ಮೇಲೆ ನನ್ನ ಮನೆಯಲ್ಲಿ ಕನ್ನಡ ಮಾತಾಡುವವರು ಯಾರೂ ಇಲ್ಲ. ನಾನೊಬ್ಬನೇ ಇರುವುದು. ರೇಡಿಯೊ ಹಾಕುತ್ತೇನೆ, ಅದು ನನ್ನನ್ನು ಊಟ ಆಯಿತೇ ಎಂದು ಕೇಳುವುದಿಲ್ಲ.

ಕೈ ತೊಳೆದು ಟ್ರ್ಯಾಕ್ಟರಿನ ಹತ್ತಿರ ಬಂದಾಗ ಹೊತ್ತಾಗಿತ್ತು, ಬಸ್ಸು ಹಿಡಿಯಬೇಕಿತ್ತು. ಬಣ್ಣ ಉಜ್ಜಲಿಲ್ಲ. ಬೋಲ್ಟ್ ಗಟ್ಟಿಯಾಗಿ ಬಿಗಿದೆ. ಎಲ್ಲೋ ಒಂಚೂರು ಕಬ್ಬಿಣ ತಾಗಿ ಮುಳ್ಳುಗಳು ಸರಿಯಾದವು. ಗಾಡಿ ಅಲುಗಾಡಿದಂತೆ ಮತ್ತೆ ಸಡಿಲವಾಗುತ್ತದೆ ಎಂದು ನನಗೆ ಗೊತ್ತಿತ್ತು. ಅದು ಸೋಮಾರಿತನ. ಅದನ್ನು ನೀವು ಕ್ಷಮಿಸಬಹುದು.

ಮುಂದಿನ ವಾರ ಮಹಾನಂದಾಳ ಫೋನ್. "ಕಾಕಾ, ಮುಳ್ಳ್ ಮತ್ತ ಕುಣಿಲಕ್ಕತ್ತದ್ರಿ. ಬರ್ರಿ."

ನನಗೆ ಏನನ್ನಿಸಿತು ಗೊತ್ತೇ? ಸಂತೋಷ.

ಹೋದೆ. ಪಾಲಿಶ್ ಪೇಪರ್ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಬೋಲ್ಟ್ ಬಿಗಿದೆ, ಉಂಡೆ, ಮಾತಾಡಿದೆ, ಬಂದೆ. ಇದು ಸೋಮಾರಿತನವಲ್ಲ. ಇದಕ್ಕೆ ಬೇರೆ ಹೆಸರಿದೆ. ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ಹೋದೆ, ಮತ್ತೆ ಹಾಗೆಯೇ ಮಾಡಿದೆ. ಆ ಸಲ ಫ್ಯೂಸ್ ತೆಗೆದು, ಗಂಭೀರವಾಗಿ ಬಿಸಿಲಿಗೆ ಹಿಡಿದು ನೋಡುವ ನಾಟಕವನ್ನೂ ಆಡಿದೆ.

ದತ್ತು ಬೇಸತ್ತು ಮರಾಠಿಯಲ್ಲಿ ಕೇಳಿದ, "ಬಾಬಾ, ಹೀಗೇ ಓಡಿಸಿದರೆ ನಡೆಯುತ್ತದಾ?"

"ಓಡಿಸು. ಆ ಮುಳ್ಳಿನ ಕಡೆ ನೋಡಲೇ ಬೇಡ" ಎಂದೆ ನಾನೂ ಮರಾಠಿಯಲ್ಲಿ.

ಅವನು ನನ್ನ ಮಾತು ಕೇಳಿದ. ಅದೇ ಆದ ಅನಾಹುತ.

ಕಳೆದ ವಾರ ಈ ಕಡೆ ಹೊತ್ತಲ್ಲದ ಹೊತ್ತಿನ ಮಳೆ. ದ್ರಾಕ್ಷಿ ಹೂವಿನಲ್ಲಿರುವಾಗ ಮಳೆ ಬಂದರೆ ಔಷಧಿ ತಕ್ಷಣ ಹೊಡೆಯಬೇಕು, ಇಲ್ಲವಾದರೆ ಬೂಜು ರೋಗ ಗೊಂಚಲನ್ನು ಬಿಡುವುದಿಲ್ಲ. ದತ್ತು ಬೆಳಿಗ್ಗೆಯಿಂದ ಹೊಡೆಯುತ್ತಿದ್ದ. ಒಣ ಎಲೆ, ಔಷಧಿಯ ಪುಡಿ ಎಲ್ಲ ಸೇರಿ ರೇಡಿಯೇಟರಿನ ಜಾಳಿಗೆ ಕಟ್ಟಿಕೊಂಡಿತ್ತು. ಎಂಜಿನ್ ನಿಜವಾಗಿಯೇ ವಿಪರೀತ ಬಿಸಿಯಾಯಿತು. ಮುಳ್ಳು ಕೆಂಪಿಗೆ ಹೋಯಿತು. ಈ ಸಲ ಅದು ಹೇಳಿದ್ದು ಸತ್ಯ. ನೋಡುವವರು ಯಾರು? ನೋಡಬೇಡ ಎಂದು ನಾನೇ ಹೇಳಿದ್ದೆನಲ್ಲ.

ಹಬೆ ಎದ್ದ ಮೇಲೆ ನಿಲ್ಲಿಸಿದನಂತೆ. ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಿ ಗಾಡಿ ಅಲ್ಲೇ ನಿಂತಿತು. ಅರ್ಧ ತೋಟಕ್ಕೆ ಔಷಧಿ ಬಿದ್ದಿರಲಿಲ್ಲ. ಎಲ್ಲರ ಟ್ರ್ಯಾಕ್ಟರೂ ಅವತ್ತು ಅವರವರ ತೋಟದಲ್ಲೇ. ಪಕ್ಕದವನದು ಸಿಗುವಷ್ಟರಲ್ಲಿ ತಡವಾಗಿ, ತಗ್ಗಿನ ಸಾಲುಗಳ ಗೊಂಚಲುಗಳು ಕಪ್ಪಾದವು.

ಸುದ್ದಿ ತಿಳಿದು ಓಡಿದೆ. ಅಲ್ಲಿ ಪಿಂಪಳಗಾಂವದಿಂದ ಬಂದ ಎಂಜಿನ್ ಮಿಸ್ತ್ರಿ ಕುಳಿತಿದ್ದ. ಮೀಟರಿನ ಕಥೆ ಕೇಳಿ, ನನ್ನನ್ನು ನೋಡಿ ನಕ್ಕ. "ಬಾಬಾಗೆ ವಯಸ್ಸಾಯಿತು. ಬೋಲ್ಟ್ ಯಾವುದು, ಅಂಗಿಯ ಗುಂಡಿ ಯಾವುದು ಕಾಣಬೇಕಲ್ಲ."

ದತ್ತುವಿಗೆ ಸಿಟ್ಟು ಬಂತು, ಮಿಸ್ತ್ರಿಯ ಮೇಲೆ. "ಅವರನ್ನು ಯಾಕೆ ಅಂತೀಯಾ? ಬಣ್ಣ ಬಳಿದವನು ನಾನು. ಪಾಪ, ಮುದುಕರು, ಕರೆದಾಗಲೆಲ್ಲ ನಾಸಿಕದಿಂದ ಬಂದಿದ್ದಾರೆ."

ಓದುಗರೇ, ನನಗೆ ಎಷ್ಟು ಸುಲಭದ ದಾರಿ ನೋಡಿ. ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಅವರೇ ಕೊಟ್ಟ ನೆಪ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವತ್ತೂ ಊಟ ಸಿಗುತ್ತಿತ್ತು. ಕನ್ನಡಕ ಒರೆಸಿಕೊಂಡೆ, ಕಣ್ಣು ಕಾಣದವನ ಹಾಗೆ.

ಆಗ ಮಹಾನಂದಾ ತಟ್ಟೆ ತಂದಿಟ್ಟಳು. ಅತ್ತು ಕೆಂಪಾದ ಕಣ್ಣು. "ಚಿಂತಿ ಮಾಡಬ್ಯಾಡ್ರಿ ಕಾಕಾ, ನಿಮ್ಮದೇನ್ ತಪ್ಪದ? ಉಣ್ರಿ."

ಉಣ್ಣಲಾಗಲಿಲ್ಲ. ಹೇಳಿಬಿಟ್ಟೆ. ಮೊದಲು ಕನ್ನಡದಲ್ಲಿ ಅವಳಿಗೆ. ಆಮೇಲೆ ದತ್ತುವಿಗೆ ಮರಾಠಿಯಲ್ಲಿ. ಗೊತ್ತಿದ್ದೂ ಉಜ್ಜಲಿಲ್ಲ, ಮತ್ತೆ ನೀವು ಕರೆಯಲಿ ಎಂದು ಬಿಟ್ಟೆ ಎಂದೆ. ಮಿಸ್ತ್ರಿ ಸಾಮಾನು ಹುಡುಕುವ ನೆಪದಲ್ಲಿ ಟ್ರ್ಯಾಕ್ಟರಿನ ಆಚೆ ಬದಿಗೆ ಹೋದ.

ದತ್ತು ಬೈಯಲಿಲ್ಲ. ಕಪ್ಪಾದ ಸಾಲುಗಳ ಕಡೆ ನೋಡುತ್ತ ನಿಂತ. ನಂತರ ಮೆಲ್ಲಗೆ, "ಬಾಬಾ, ಆತಾ ತುಮ್ಹೀ ಯೇಊ ನಕಾ" ಎಂದ. ಇನ್ನು ನೀವು ಬರಬೇಡಿ.

ಹೋಗುವ ಮುಂಚೆ ಬೋಲ್ಟ್ ಬಿಚ್ಚಿ ಬಣ್ಣ ಉಜ್ಜಿದೆ. ಕಬ್ಬಿಣ ಬೆಳ್ಳಿಯಂತೆ ಹೊಳೆಯಿತು. ವೈರ್ ಕೂರಿಸಿ, ಬಿಗಿದು, ನೀರು ತಾಗದಿರಲಿ ಎಂದು ಮೇಲೆ ವ್ಯಾಸಲಿನ್ ಹಚ್ಚಿದೆ. ಯಾರೂ ಹತ್ತಿರ ಬಂದು ನೋಡಲಿಲ್ಲ.

ಬಸ್ ಸ್ಟಾಪಿನ ದಾರಿಯಲ್ಲಿ ಮಹಾನಂದಾ ಹಿಂದಿನಿಂದ ಬಂದಳು. ಡಬ್ಬಿ ಕೊಡುತ್ತಾಳೇನೋ ಎಂದುಕೊಂಡೆ. (ಆಸೆಗೆ ನಾಚಿಕೆ ಇಲ್ಲ ನೋಡಿ.) ಅವಳ ಕೈ ಖಾಲಿ ಇತ್ತು.

"ಕಾಕಾ, ಒಂದ್ ಕೇಳ್ತೀನಿ. ಸುಮ್ನ ಬರ್ತೀನಿ ಅಂದಿದ್ರ ನಾವ್ ಬ್ಯಾಡ ಅಂತಿದ್ದೇವೇನ್ರಿ?"

ಅಷ್ಟು ಕೇಳಿ ಮನೆಯ ಕಡೆ ತಿರುಗಿ ನಡೆದಳು.

ಛತ್ರಪತಿ ಸಂಭಾಜಿನಗರದಲ್ಲಿ ನನ್ನ ಮಗ ಇದ್ದಾನೆ. ನಾನು ಫೋನ್ ಮಾಡಿದರೆ ಅವನು ಮೊದಲು ಕೇಳುವುದು, "ಏನ್ ಕೆಲಸ ಇತ್ತು ಅಪ್ಪಾ?" ಅವನನ್ನು ದೂರುವುದಿಲ್ಲ. ಅವನು ಚಿಕ್ಕವನಿದ್ದಾಗ ಅಂಗಡಿಗೆ ಬಂದು ನಿಂತರೆ ನಾನೂ ತಲೆ ಎತ್ತದೆ ಅದನ್ನೇ ಕೇಳುತ್ತಿದ್ದೆ. ಇವತ್ತಿಗೂ ಅವನಿಗೆ ಫೋನ್ ಮಾಡುವ ಮುಂಚೆ ಒಂದು ಕೆಲಸ ಹುಡುಕಿಕೊಳ್ಳುತ್ತೇನೆ: ಗ್ಯಾಸ್ ಬುಕಿಂಗ್, ಬ್ಯಾಂಕಿನ ಓಟಿಪಿ, ಏನಾದರೊಂದು. ಅದು ಮುಗಿದರೆ ಮಾತೂ ಮುಗಿಯುತ್ತದೆ.

ನಮ್ಮಂಥವರಿಗೆ ಯಾರ ಬಾಗಿಲಲ್ಲಿ ನಿಲ್ಲಬೇಕಾದರೂ ಕೈಯಲ್ಲೊಂದು ಕೆಲಸ ಬೇಕು. ಕೆಲಸ ಸಿಗದಿದ್ದರೆ ಹುಟ್ಟಿಸುತ್ತೇವೆ.

ಸುಮ್ಮನೆ ಬಂದೆ ಎಂದು ಹೇಳಲು ಇಷ್ಟು ನಾಚಿದವನಿಗೆ, ಉಂಡ ಮನೆಯ ತೋಟ ಕೆಡಿಸುವಾಗ ಆ ನಾಚಿಕೆ ಎಲ್ಲಿ ಹೋಗಿತ್ತು?