ಸೀಸಕ್ಕೆ ಮೇಣದ ಮುಸುಕು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾಗರತ್ನಾ ಮೇಣ ಕಾಯಿಸುತ್ತಿದ್ದಾರೆ. ಮೇಜಿನ ಮೇಲೆ ಪ್ಲಾಸ್ಟರಿನ ಒಂದು ಹೆಣ್ಣುಮುಖ, ಅದರ ಮೇಲೆ ಸೀಸದ ತಗಡಿನ ಮುಖವಾಡ. ಮೂಗಿನ ಪಕ್ಕಕ್ಕೆ ಒಂದು ಕಿಂಡಿ. ವಾರದಿಂದ ಕಪಾಟಿನಲ್ಲಿದ್ದ ಮುಖವಾಡದ ಮೇಣ ಅಲ್ಲಲ್ಲಿ ಬಿರಿದಿದೆ. ಹೋಳಿಗೆ ತಟ್ಟುವ ಹಾಗೆ ಬೆರಳ ತುದಿಯಿಂದ ಹೊಸ ಮೇಣ ಒತ್ತುತ್ತಾ ಬರುವ ಅವರು, ಕಿಂಡಿಯ ಅಂಚಿಗೆ ಬಂದಾಗ ಉಸಿರು ಹಿಡಿಯುತ್ತಾರೆ. ಅಂಚಿನಾಚೆ ಇರುವುದು ಕಣ್ಣು.

"ಬರ್ತಾಳೋ ಇಲ್ಲೋ ಗೊತ್ತಿಲ್ಲರಿ. ನಮ್ಮ ತಯಾರಿ ನಾವು ಮಾಡಿ ಇಡಬೇಕಲ್ಲ" ಎನ್ನುತ್ತಾರೆ.

ಬರಬೇಕಾದವರು ಬ್ಯಾಡಗಿಯ ಗದಿಗೆವ್ವ. ಮೂಗಿನ ಬದಿಯ ಚರ್ಮದಲ್ಲಿ ಕ್ಯಾನ್ಸರ್ ಗಡ್ಡೆ. ಅದಕ್ಕೆ ಎಲೆಕ್ಟ್ರಾನ್ ಕಿರಣ ಬಿಡಬೇಕು. ಈ ಕಿರಣ ಹೆಚ್ಚು ಆಳಕ್ಕಿಳಿಯದೆ ಚರ್ಮದ ಹತ್ತಿರವೇ ನಿಲ್ಲುತ್ತದೆ, ಮೇಲ್ಮೈಯ ರೋಗಕ್ಕೆ ಅದೇ ಅನುಕೂಲ. ಆದರೆ ಸುತ್ತಲ ಭಾಗವನ್ನು ಮರೆಮಾಡಲು ಇಟ್ಟ ಸೀಸಕ್ಕೆ ಅದು ನೇರವಾಗಿ ಬಡಿದರೆ ಅಲ್ಲಿಯೇ ಒಂದಿಷ್ಟು ಎಕ್ಸ್-ರೇ ಹುಟ್ಟುತ್ತದೆ. ಬೇಡದ ಆ ಎಕ್ಸ್-ರೇ ಚರ್ಮದಲ್ಲಿ ನಿಲ್ಲದೆ ಒಳಗೊಳಗೆ ಹೋಗುತ್ತದೆ. ಮೇಣದಂಥ ಹಗುರ ವಸ್ತು ಮೊದಲು ಎದುರಾದರೆ ಎಲೆಕ್ಟ್ರಾನುಗಳ ವೇಗ ತಗ್ಗಿ, ಹುಟ್ಟುವ ಎಕ್ಸ್-ರೇಯೂ ಕಡಿಮೆಯಾಗುತ್ತದೆ. ಪೂರ್ತಿ ಇಲ್ಲವಾಗುವುದಿಲ್ಲ. ಯಂತ್ರದೊಳಗೇ ಹುಟ್ಟುವ ಪಾಲು ನಾಗರತ್ನಾ ಅವರ ಕೈಗೆ ಎಟಕುವುದಿಲ್ಲ. ಎಟಕುವುದನ್ನು ಅವರು ಬಿಡುವುದಿಲ್ಲ.

ಕುಪ್ಪೇಲೂರಿನಿಂದ ಮೊದಲ ಬಸ್ಸಿಗೆ ಬರುವ ಇವರು ಹಿಂದೆ ಹಲ್ಲಿನ ಸೆಟ್ಟು ಮಾಡುವ ಅಂಗಡಿಯಲ್ಲಿ ಮೇಣ ತೀಡುತ್ತಿದ್ದರು. ಆ ಅಂಗಡಿ ಮುಚ್ಚಿತು. ಇಬ್ಬರು ಮಕ್ಕಳನ್ನು ಓದಿಸಬೇಕಿತ್ತು, ಇಲ್ಲಿ ಸೀಸದ ಅಚ್ಚಿನ ಕೆಲಸ ಸಿಕ್ಕಿತು. ಲೋಹ ಕರಗುವ ಝಳಕ್ಕೆ ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲ. ನಿಂತು ನಿಂತು ಸಂಜೆಗೆ ಹಿಮ್ಮಡಿ ನೆಲಕ್ಕೂರಲಾಗುವುದಿಲ್ಲ. ಕಲಿಸಿದವರು ಕಿರಣದ ಅಳತೆ ನೋಡುವ ಭೌತತಜ್ಞೆ ಶ್ವೇತಾ.

"ಮದಲ ಮದಲ ಮೇಣಾನ ಒಳಮೈಗಷ್ಟ ಹಚ್ಚತಿದ್ನಿರಿ. ಪಾಪ, ಮಾರಿಗೆ ತಗಡು ಒತ್ತಬಾರದು, ಮೆತ್ತಗಿರಲಿ ಅಂತ. ಶ್ವೇತಾ ಮೇಡಂ ನಕ್ಕು, 'ನಾಗರತ್ನಾ, ಕಿರಣ ಬರೂದು ಹೊರಗಿಂದ. ಹಾಸಗಿ ಅಲ್ಲಿ ಹಾಸಬೇಕು' ಅಂದ್ರು. ಈಗ ಒಳಗೂ ಹಚ್ಚತೇನಿ, ಹೊರಗಂತೂ ತಪ್ಪಸಂಗಿಲ್ಲ."

ಮುಖವಾಡ ಸಿದ್ಧವಾಗಿದ್ದರೂ ಗದಿಗೆವ್ವ ಕಳೆದ ವಾರ ಎದ್ದು ಹೋದರು. ಕಾರಣ ಮೂಗುಬೊಟ್ಟು. ಅದು ಸರಿಯಾಗಿ ಕಿಂಡಿಯಲ್ಲೇ ಬರುತ್ತದೆ. ಅಲ್ಲಿ ಲೋಹ ಇರಕೂಡದು, ತೆಗೆಯಿರಿ ಎಂದದ್ದೇ ತಡ, ಸೆರಗು ಹೊದ್ದು ನಡೆದೇಬಿಟ್ಟರು. ಗಡ್ಡೆ ಇನ್ನಷ್ಟು ಬೆಳೆದರೆ ಕಣ್ಣಿಗೇ ಬರುತ್ತದೆ ಎಂದು ವೈದ್ಯರು ಹೇಳಿದ್ದಾರೆ.

ನಾಗರತ್ನಾ ತಡೆಯಲಾರದೆ ಭಾನುವಾರ ಬ್ಯಾಡಗಿಯ ಬಸ್ಸು ಹತ್ತಿದರು. ಗದಿಗೆವ್ವ ಮನೆಯ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು.

"ಬಾರ ತಂಗಿ. ಮೂಗು ಬೋಳು ಮಾಡಾಕ ಇಲ್ಲೀತನಕ ಬಂದಿಯೇನು?"

"ಕೆಮ್ಮು ಬರಾಕತ್ತೈತಿ ಯಕ್ಕಾ, ಮದ್ಲ ನೀರು ಕೊಡು. ಆಮ್ಯಾಲೆ ಬೈಯಿ."

ನೀರು ಬಂತು, ಬೈಗುಳವೂ ಬಂತು. ಗಂಡ ಇರುವ ಹೆಂಗಸು ಮೂಗುಬೊಟ್ಟು ತೆಗೆದರೆ ಓಣಿಯವರು ಏನೆಂದಾರು? ನಾಗರತ್ನಾ ಕೇಳಿಸಿಕೊಂಡರು.

"ಯಕ್ಕಾ, ಓಡಿ ಬರೂ ಗಾಡಿ ಕಲ್ಲಿನ ಗ್ವಾಡಿಗೆ ಬಡದ್ರ ಚೂರು ಎಲ್ಲೆಲ್ಲೋ ಹಾರ್ತಾವು. ಮದ್ಲ ಹುಲ್ಲಿನ ಬಣವಿಗೆ ಬಡದ್ರ? ನಿನ್ನ ತಗಡಿಗೆ ನಾ ಮೇಣದ ಬಣವಿ ಒಟ್ಟೇನಿ. ಮೂಗುಬೊಟ್ಟಿಗೆ ಎಲ್ಲಿಂದ ಒಟ್ಟಲಿ, ಹೇಳು."

ಗದಿಗೆವ್ವ ಇನ್ನೊಂದು ಮೆಣಸಿನಕಾಯಿಯ ತೊಟ್ಟು ಮುರಿದರು.

"ಸಣ್ಣಾಕಿದ್ದಾಗ ಮೂಗು ಚುಚ್ಚಿದ್ರಲ್ಲ, ಆವಾಗೇನು ಬಂಗಾರ ಹಾಕಿದ್ರ?"

"ಎಲ್ಲಿ ಬಂಗಾರ! ಬೇವಿನ ಕಡ್ಡಿ. ಬಂಗಾರ ಬಂದಿದ್ದು ಸುಗ್ಗಿ ಮುಗದಮ್ಯಾಲೆ."

"ಈಗೂ ಅದ ಕಡ್ಡಿ ಹಾಕ್ಕೊ. ಕಟಿಗಿ ಹಗುರ, ತೊಂದ್ರಿಲ್ಲ. ಸ್ವಚ್ಛ ತೊಳದಿರಲಿ ಅಂತ ಡಾಕ್ಟರ್ ಅಂದಾರ. ಮುಗದ ದಿನ ಬಂಗಾರ ಹಾಕ್ಕೊಳಾಕಿ."

ಒಳಗಿನಿಂದ ಉಬ್ಬಸದ ನಡುವೆಯೇ ಗಂಡ ಸಿದ್ದಲಿಂಗಪ್ಪ ಕೂಗಿದರು. "ಹಾಕ್ಕೊಳಲೇ! ಬಂಗಾರ ಇದ್ದಾಗೂ ನನ್ನ ದಮ್ಮು ಹೋಗಿಲ್ಲ. ಕಡ್ಡಿಗೆ ಸಾಯ್ತೇನೇನು?"

"ನಿನ್ನ ಸಲುವಾಗಿ ನಾ ಇಷ್ಟು ಜೀವಾ ತೇಯಾಕತ್ತೇನಿ, ನಿನಗ ನಗಿ!" ಎಂದು ಗದಿಗೆವ್ವ ಗದರಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಇವತ್ತು ಸೋಮವಾರ. ಬಿಸಿಲು ಏರುವ ಹೊತ್ತಿಗೆ ಆಸ್ಪತ್ರೆಯ ಮೆಟ್ಟಿಲಲ್ಲಿ ಸಿದ್ದಲಿಂಗಪ್ಪನವರ ಕೆಮ್ಮು ಕೇಳಿಸುತ್ತದೆ. ಹಿಂದೆಯೇ ಗದಿಗೆವ್ವ. ಮೂಗಿನಲ್ಲಿ ಬೇವಿನ ಸಣ್ಣ ಕಡ್ಡಿ. ಯಾರ ಮುಖವನ್ನೂ ನೋಡದೆ ನೇರ ಒಳಗೆ ಹೋಗಿ ಮಲಗುತ್ತಾರೆ. ನಾಗರತ್ನಾ ಮುಖವಾಡವನ್ನು ಎರಡು ಕೈಯಲ್ಲಿ ಹಿಡಿದು, ಮಲಗಿದ ಮಗುವಿಗೆ ಹೊದಿಸುವ ಹಾಗೆ ಇಡುತ್ತಾರೆ. ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತದೆ. ಅವರ ಕೆಲಸ ಅಲ್ಲಿಗೆ ಮುಗಿಯಿತು, ಆದರೂ ಬಾಗಿಲ ಬಳಿಯೇ ನಿಂತಿದ್ದಾರೆ.

ಹೊರಬಂದ ಗದಿಗೆವ್ವ ಹುಬ್ಬೇರಿಸುತ್ತಾರೆ. "ಇಷ್ಟನ? ಏನೂ ಅನ್ನಿಸಲ ಇಲ್ಲಲ್ಲ ತಂಗಿ! ಸುಮ್ಮನ ನನ್ನ ಬಂಗಾರ ಬಿಚ್ಚಿಸಿದಿ."

"ಹೌದಕ್ಕ, ಸುಮ್ಮನ. ನಾಳೆ ಲಗೂ ಬಾ."

ಅವರು ಹೋದ ಮೇಲೆ ನಾಗರತ್ನಾ ಮುಖವಾಡವನ್ನು ಬೆಳಕಿಗೆ ಹಿಡಿದು ಅಂಚು ಪರೀಕ್ಷಿಸುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ಇದನ್ನೂ ಕರಗಿಸುತ್ತಾರೆ.

"ಬಿದ್ದ ಕಿರಣಾನ ಆಕಿಗೆ ತಿಳೀಲಿಲ್ಲ. ಬೀಳದಂಗ ತಡದದ್ದು ಯಾರಿಗೆ ತಿಳೀಬೇಕ್ರಿ? ಇನ್ನ ಹತ್ತು ಸುಗ್ಗಿ ಆಕಿ ಅದ ಕಣ್ಣಿಲೆ ಮೆಣಸಿನಕಾಯಿ ಬಣ್ಣಾ ನೋಡಿ ಬ್ಯಾರೆ ಮಾಡ್ಲಿ. ಬೈಯಾಕ ಬೇಕಾದ್ರ ನನ್ನ ಬೈಕೋತನ ಮಾಡ್ಲಿ."