ಪಂಚಕದ ದಿನ ಮನೆಯಲ್ಲಿರದ ದ್ಯಾಮಣ್ಣ

ಕೇಳದೆ ಒಳ್ಳೆಯದು ಮಾಡುವವರನ್ನು ಕಂಡರೆ ದ್ಯಾಮಣ್ಣನಿಗೆ ಆಗುತ್ತಿರಲಿಲ್ಲ. ಇದು ಹುಟ್ಟುಗುಣವಲ್ಲ, ಕಸುಬು ಕಲಿಸಿದ್ದು. ಬಾಗಲಕೋಟೆ ಕಡೆಯಿಂದ ಬಂದವನು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಮನೆಗಳ ನೆಲಕ್ಕೆ ಪಾಲಿಶ್ ಹೊಡೆದಿದ್ದ. ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮನೆಗಳ ಮೊಸಾಯಿಕ್ಕು, ಗ್ರಾನೈಟು ಅವನ ಮೆಷಿನ್ನಿನ ಕೆಳಗೆ ಹಾದುಹೋಗಿವೆ. ಕೆಲಸ ನಡೆಯುವಷ್ಟು ದಿನ ಕಾಫಿ ಕೊಟ್ಟು, ಊಟ ಆಯಿತಾ ಎಂದು ವಿಚಾರಿಸುತ್ತಿದ್ದ ಮನೆಯವರೇ ಕೆಲಸ ಮುಗಿದ ದಿನ ಮಂಡಿಯೂರಿ ಕೂತು ಮೂಲೆಮೂಲೆಯಲ್ಲಿ ಕಲೆ ಹುಡುಕುತ್ತಿದ್ದರು. ಹಾಗಾಗಿ ಯಾರಾದರೂ ಕಾಫಿ ಕೊಟ್ಟರೆ ಇವನು ಲೋಟ ನೋಡುವ ಮೊದಲು ಕೊಟ್ಟವರ ಮುಖ ನೋಡುತ್ತಿದ್ದ.

ಕಲ್ಲಿನ ಧೂಳು ಎದೆಯಲ್ಲಿ ಮನೆ ಮಾಡಿತು. ಮೊದಲು ಕೆಮ್ಮು ಬಂತು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಕೊನೆಕೊನೆಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೂ ಏದುಸಿರು. ಇದು ವಾಸಿಯಾಗುವ ಕಾಯಿಲೆಯಲ್ಲ, ಆಕ್ಸಿಜನ್ ಜೊತೆಗಿಟ್ಟುಕೊಂಡೇ ಬದುಕಬೇಕು ಎಂದು ಡಾಕ್ಟರು ಹೇಳಿದರು. ದ್ಯಾಮಣ್ಣ ಡಾಕ್ಟರನ್ನೂ ನಂಬಲಿಲ್ಲ. ಆಕ್ಸಿಜನ್ ಎಂದರೆ ಅವನ ಪಾಲಿಗೆ ಕೊರೊನಾ ಕಾಲದ ಆಸ್ಪತ್ರೆ. ಅಲ್ಲಿ ಅದನ್ನು ಹಾಕಿಸಿಕೊಂಡ ಅವನ ಪರಿಚಯದವರಲ್ಲಿ ಒಬ್ಬರೂ ತಿರುಗಿ ಬಂದಿರಲಿಲ್ಲ.

ಒಂದು ಟ್ರಸ್ಟಿನವರು ಎರಡು ಮೆಷಿನ್ ಕೊಟ್ಟರು. ಮನೆಯಲ್ಲಿ ನಿಲ್ಲಿಸುವ ದೊಡ್ಡದೊಂದು, ಹೆಗಲಿಗೆ ತೂಗುಹಾಕಿಕೊಳ್ಳುವ ಬ್ಯಾಟರಿಯ ಚಿಕ್ಕದೊಂದು. ಇದು ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು ಅದರಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುತ್ತದೆ ಎಂದು ಅವರು ವಿವರಿಸಿದಾಗ, ನಮ್ಮ ಗಾಳಿ ನಮಗೇ ಕೊಡುವುದರಲ್ಲಿ ಇವರದೇನು ಹೆಚ್ಚುಗಾರಿಕೆ ಎಂದುಕೊಂಡ. ಬೆರಳಿಗೆ ಕಚ್ಚಿಸಿ ಮೈಯ ಆಕ್ಸಿಜನ್ ಅಳೆಯುವ ಮೀಟರೂ ಅದೇ ಚೀಲದಲ್ಲಿ ಬಂದಿತ್ತು. ಮೂಗಿಗೆ ನಳಿಕೆ ಹಾಕಿಕೊಂಡರೆ ಮೀಟರಿನ ಅಂಕಿ ಏರುತ್ತಿತ್ತು, ತೆಗೆದರೆ ಇಳಿಯುತ್ತಿತ್ತು. ಒಂದೇ ಚೀಲದಲ್ಲಿ ಬಂದವು, ಒಳಗೊಳಗೇ ಮಾತಾಡಿಕೊಂಡಿರುತ್ತವೆ ಎಂದು ಅನುಮಾನಿಸಿ ಅದನ್ನು ಹೆಂಡತಿ ಶಿವವ್ವನ ಬೆರಳಿಗೆ ಸಿಕ್ಕಿಸಿದ. ನಳಿಕೆಯಿಲ್ಲದೆಯೇ ಅವಳ ಅಂಕಿ ಅವನದಕ್ಕಿಂತ ಮೇಲೆ ಹೋಯಿತು. ನೋಡು, ಮೆಷಿನ್ ಇಲ್ಲದೇನೇ ಇಷ್ಟು ತೋರಿಸ್ತದ ಎಂದು ಗೆದ್ದವನಂತೆ ಹೇಳಿದ. ನನ್ನ ಎದಿಯೊಳಗ ಕಲ್ಲಿಲ್ಲ ಎಂದಳು ಶಿವವ್ವ. ಅಲ್ಲಿಗೆ ಆ ವಾದ ಮುಗಿಯಿತು, ನಳಿಕೆ ಮೂಗಿನಲ್ಲಿ ಉಳಿಯಿತು.

ನಂಬದಿದ್ದರೂ ಮನುಷ್ಯ ಒಗ್ಗಿಕೊಳ್ಳುತ್ತಾನೆ. ದೊಡ್ಡ ಮೆಷಿನ್ನಿನ ನಳಿಕೆ ಬಚ್ಚಲಿನ ಬಾಗಿಲವರೆಗೆ ಬರುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಹಾಗಾಗಿ ಬಾಗಿಲಿಗೆ ಒರಗಿದ ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುವುದನ್ನು ಕಲಿತ. ಬಾಗಿಲಿನ ಸಂದಿಗೆ ನಳಿಕೆ ಸಿಕ್ಕಿ, ಊಟದ ತಟ್ಟೆಯ ಮುಂದೆ ಮೂಗು ಹಿಂದಕ್ಕೆ ಜಗ್ಗಿದಂತಾಗಿ, ಯಾರೋ ಬೇಕೆಂದೇ ಎಳೆದರು ಎಂದು ತಿರುಗಿ ನೋಡುವುದೂ ಕ್ರಮೇಣ ನಿಂತಿತು. ಆಕ್ಸಿಜನ್ ಇದ್ದ ಕಡೆ ಉರಿ ಇರಬಾರದು. ಬಿ.ಟಿ.ಎಂ. ಲೇಔಟಿನ ಖಾನಾವಳಿಯೊಂದರಲ್ಲಿ ದಿನವಿಡೀ ರೊಟ್ಟಿ ಬಡಿಯುವ ಶಿವವ್ವ ಮನೆಯ ಒಲೆಯನ್ನು ಕೋಣೆಯಾಚೆ ತಾರಸಿಯ ತಗಡಿನ ಮಾಡಿಗೆ ಸಾಗಿಸಿದಳು. ರಸ್ತೆ ತಿರುವಿನಲ್ಲಿ ಇಸ್ತ್ರಿ ಗಾಡಿಯ ಬೋರಣ್ಣನ ಜೊತೆ ಹರಟುವುದು ದ್ಯಾಮಣ್ಣನ ಹಳೆಯ ಚಟ. ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಂಡವಿರುತ್ತಿದ್ದರಿಂದ ಈಗ ದೂರದ ಹೊಂಗೆಮರದ ಕೆಳಗೆ ನಿಂತು ಗಂಟಲು ಏರಿಸಿ ಮಾತಾಡಬೇಕಾಯಿತು. ಬಸ್ಸಿನಲ್ಲಿ ಜನ ತಟ್ಟನೆ ಎದ್ದು ಸೀಟು ಬಿಡುತ್ತಿದ್ದರು. ಅವರದು ಕರುಣೆಯಲ್ಲ, ರೋಗ ಅಂಟೀತೆಂಬ ಹೆದರಿಕೆ ಎಂದು ಇವನ ತೀರ್ಮಾನ. ಆದರೂ ಕೂರುತ್ತಿದ್ದ.

ಮೆಷಿನ್ ಉಸಿರು ಕೊಟ್ಟಿತೇ ಹೊರತು ತಿಲಕ್ ನಗರದ ಮೂರನೇ ಮಹಡಿಯ ಕೋಣೆಗೆ ಹತ್ತುವ ಶಕ್ತಿ ಕೊಡಲಿಲ್ಲ. ಹುಡುಕಿ ಹುಡುಕಿ, ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ನಾಗಲಕ್ಷ್ಮಮ್ಮ ಎಂಬ ವಿಧವೆಯ ಮನೆಯ ಹಿಂದಿನ ಔಟ್‌ಹೌಸಿಗೆ ಬಂದರು. ಒಂದೂ ಮೆಟ್ಟಿಲಿಲ್ಲ, ಶಿವವ್ವನ ಖಾನಾವಳಿ ನಡೆದುಹೋಗುವಷ್ಟು ಹತ್ತಿರ. ಕರೆಂಟು ಹೋದರೆ ಇರಲಿ ಎಂದು ದೊಡ್ಡ ಮನೆಯ ಯುಪಿಎಸ್‌ನಿಂದ ಒಂದು ತಂತಿಯನ್ನೂ ನಾಗಲಕ್ಷ್ಮಮ್ಮನೇ ಎಳೆಸಿಕೊಟ್ಟರು. ಕೇಳದೆಯೇ ಎಳೆಸಿಕೊಟ್ಟರು. ದ್ಯಾಮಣ್ಣನ ಕಿವಿ ನೆಟ್ಟಗಾದದ್ದು ಆಗಲೇ.

ನಾಗಲಕ್ಷ್ಮಮ್ಮ ಮಾತು ಕಡಿಮೆಯ ಹೆಂಗಸು. ವಾರಗಟ್ಟಲೆ ಔಟ್‌ಹೌಸಿನ ಕಡೆ ತಲೆ ಹಾಕುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಒಂದು ಬೆಳಿಗ್ಗೆ ಮೆಣಸಿನ ಸಾರಿನ ಪಾತ್ರೆ ಹಿಡಿದು ಬರುತ್ತಿದ್ದರು. ರಾತ್ರಿ ನಿದ್ದೆ ಬಂತಾ, ಮೀಟರು ಎಷ್ಟು ತೋರಿಸುತ್ತಿದೆ ಎಂದೆಲ್ಲ ಕೇಳುತ್ತಿದ್ದರು. ಮರುದಿನ, ಅದರ ಮರುದಿನವೂ ಬರುತ್ತಿದ್ದರು. ಆಮೇಲೆ ಮತ್ತೆ ಪತ್ತೆಯಿಲ್ಲ. ಒಂದು ಸಲ ಊರಲ್ಲಿ ಯಾರಿದ್ದಾರೆ ಎಂದು ಕೇಳಿದರು. ಶಿವವ್ವನಿಗೆ ತವರಿನ ಕಡೆ ಅಣ್ಣತಮ್ಮಂದಿರು ಇದ್ದಾರಾ, ಹೋಗಿ ನಾಲ್ಕು ದಿನ ಇರುವಂಥ ಮನೆ ಯಾವುದಾದರೂ ಉಂಟಾ ಎಂದರು. ಯಾರೂ ಇಲ್ಲ, ಮಕ್ಕಳೂ ಇಲ್ಲ, ನನಗೆ ಅಕಿ, ಅಕಿಗೆ ನಾನು ಎಂದ ದ್ಯಾಮಣ್ಣ. ನಾಗಲಕ್ಷ್ಮಮ್ಮನ ಮುಖ ಸಣ್ಣದಾಯಿತು. ನಮ್ಮನ್ನು ಸಾಗಹಾಕಲು ದಾರಿ ಹುಡುಕುತ್ತಿದ್ದಾಳೆ ಎಂದು ಅವನು ಆ ಕ್ಷಣದಲ್ಲೇ ಗಟ್ಟಿಮಾಡಿಕೊಂಡ.

ಗಂಟು ಬಿಡಿಸಿದವನು ಬೋರಣ್ಣ. ನಾಗಲಕ್ಷ್ಮಮ್ಮನ ಮನೆಯ ಬಟ್ಟೆಯೂ ಅವನ ಗಾಡಿಗೇ ಬರುತ್ತಿತ್ತು. ಬೋರಣ್ಣ ಬಟ್ಟೆಯನ್ನಷ್ಟೇ ಅಲ್ಲ, ಸುದ್ದಿಯನ್ನೂ ಎರಡೂ ಕಡೆ ಮಗುಚಿ ಒತ್ತುವವನು. ಆಯಮ್ಮ ದಿನಾ ಪಂಚಾಂಗ ನೋಡಿಯೇ ಬಾಗಿಲು ತೆಗೆಯೋದು ಎಂದು ಮಾತಿಗೆ ಮಾತು ಬಂದಾಗ ಹೇಳಿದ. ದ್ಯಾಮಣ್ಣ ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟ. ಸಾರು ಬಂದ ದಿನಗಳೆಲ್ಲ ಧನಿಷ್ಠಾ ಪಂಚಕದ ದಿನಗಳು. ಧನಿಷ್ಠೆಯಿಂದ ರೇವತಿಯವರೆಗಿನ ಆ ಐದು ನಕ್ಷತ್ರದಲ್ಲಿ ಮನೆಯೊಳಗೆ ಸಾವಾದರೆ ಮನೆಯವರು ಆಚೆ ಹೋಗಿ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಬೇಕು. ಧನಿಷ್ಠೆಯೇ ಆದರೆ ಆರು ತಿಂಗಳು. ಇದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಊರಲ್ಲೂ ಹಾಗೆ ಮುಚ್ಚಿದ ಬಾಗಿಲಿಗೆ ಮುಳ್ಳಿನ ಕಂಟಿ ಬಡಿಯುತ್ತಿದ್ದರು.

ಸಾಯುವುದಕ್ಕೆ ದ್ಯಾಮಣ್ಣ ಹೆದರುತ್ತಿರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಈಗ ಹುಟ್ಟಿತು. ತಾನು ಕೆಟ್ಟ ಗಳಿಗೆಯಲ್ಲಿ ಇಲ್ಲಿ ಕಣ್ಣುಮುಚ್ಚಿದರೆ ಗಂಡ ಹೋದ ವಾರದಲ್ಲೇ ಶಿವವ್ವ ಪಾತ್ರೆಪಗಡ ಹೊತ್ತುಕೊಂಡು ಬೀದಿಯಲ್ಲಿ ನಿಲ್ಲುತ್ತಾಳೆ. ಹೊಸದಾಗಿ ಗಂಡನನ್ನು ಕಳೆದುಕೊಂಡ ಒಂಟಿ ಹೆಂಗಸಿಗೆ, ಅದೂ ಪಂಚಕದ ಸಾವಿನ ಮನೆಯಿಂದ ಬಂದವಳಿಗೆ, ಈ ಊರಲ್ಲಿ ಯಾರು ಮನೆ ಕೊಡುತ್ತಾರೆ? ಕೇಳಿದ ಬಾಗಿಲೆಲ್ಲ ಮುಚ್ಚುವುದು ಅವನ ಕಣ್ಣಿಗೆ ಕಟ್ಟಿತು. 

ಉಪಾಯ ಹೊಳೆದದ್ದು ಹೆಗಲಿನ ಮೆಷಿನ್ ನೋಡಿದಾಗ. ಮನೆಯೊಳಗೆ ಸತ್ತರೆ ತಾನೇ ಬೀಗ? ಅಂದಿನಿಂದ ಪಂಚಕ ಹಿಡಿದರೆ ಸಾಕು, ಶಿವವ್ವ ಕೆಲಸಕ್ಕೆ ಹೋದ ಬೆನ್ನಿಗೇ ಇವನೂ ಹೊರಡುತ್ತಿದ್ದ. ಬಯಲು ಗಾಳಿ ಕುಡಿಯಲು ಡಾಕ್ಟರು ಹೇಳಿದ್ದಾರೆ ಎಂದು ಅವಳಿಗೆ ಬುರುಡೆ ಬಿಟ್ಟಿದ್ದ. ಹೆಗಲಲ್ಲಿ ಮೆಷಿನ್, ಕೈಚೀಲದಲ್ಲಿ ಇನ್ನೊಂದು ಬ್ಯಾಟರಿ, ಚಾರ್ಜರು, ಬುತ್ತಿ. ನಾಲ್ಕನೇ ಟಿ ಬ್ಲಾಕಿನ ಕಡೆಯ ಒಂದು ಪಾರ್ಕಿನ ಬೆಂಚೇ ಅವನ ಬಿಡಾರ. ಸಾಯುವುದಾದರೆ ಇಲ್ಲೇ ಸಾಯುತ್ತೇನೆ, ಕಾರ್ಪೊರೇಷನ್ನಿನವರು ಪಾರ್ಕಿಗೆ ಆರು ತಿಂಗಳು ಬೀಗ ಜಡಿಯುವುದಿಲ್ಲ ಎಂದು ಅವನ ಲೆಕ್ಕ. ರಾತ್ರಿ ಮಾತ್ರ ಮನೆಯಲ್ಲೇ ಮಲಗಬೇಕಿತ್ತು. ರಾತ್ರಿ ಯಮನೂ ಮಲಗುತ್ತಾನೆ ಎಂದು ಸಮಾಧಾನ ಮಾಡಿಕೊಂಡಿದ್ದ. ಇತ್ತ ನಾಗಲಕ್ಷ್ಮಮ್ಮ ಸಾರು ಹಿಡಿದು ಬಂದರೆ ಬಾಗಿಲಿಗೆ ಬೀಗ. ಅದನ್ನು ನೆನೆದಾಗಲೆಲ್ಲ ಅವನಿಗೆ ಒಳಗೇ ಖುಷಿ.

ಬೇಸಗೆಯ ಒಂದು ಪಂಚಕದಲ್ಲಿ ಆ ಖುಷಿ ಕೈಕೊಟ್ಟಿತು. ಮೊದಲ ಬ್ಯಾಟರಿ ಮುಗಿಯುತ್ತಾ ಬಂದಾಗ ಎರಡನೆಯದನ್ನು ಹಾಕಿದ. ಅದರಲ್ಲಿ ಜೀವವೇ ಇರಲಿಲ್ಲ. ರಾತ್ರಿ ಚಾರ್ಜಿಗೆ ಹಾಕಿದವನು ಸ್ವಿಚ್ ಒತ್ತಲು ಮರೆತಿದ್ದ. ಹಳೆಯದನ್ನೇ ಮತ್ತೆ ಸಿಕ್ಕಿಸಿದ. ಮೆಷಿನ್ ಕೂಗಿಕೊಳ್ಳತೊಡಗಿತು. ಎದ್ದು ಗೇಟಿನವರೆಗೆ ಹೋಗಿ ಆಟೋ ಹಿಡಿಯಬೇಕು ಎಂದುಕೊಂಡ, ಕಾಲು ಮಾತು ಕೇಳಲಿಲ್ಲ. ಎದೆ ಬಿಗಿದು ಕಣ್ಣ ಮುಂದೆ ಕತ್ತಲು ಕವಿಯಿತು. ಸರಿ, ಅಂದುಕೊಂಡಂತೆಯೇ ಆಯಿತು ಎಂದುಕೊಂಡ. ಆದರೆ ಅಂದುಕೊಂಡಾಗ ಇದ್ದ ಧೈರ್ಯ ಈಗ ಇರಲಿಲ್ಲ. ಶಿವವ್ವನ ಮುಖ ಒಂದು ಸಲ ನೋಡಬೇಕು ಎನಿಸಿತು.

ಆಗ ಗೇಟಿನ ಹತ್ತಿರ ಆಟೋ ನಿಂತು ನಾಗಲಕ್ಷ್ಮಮ್ಮ ಇಳಿದರು. ಸಾರು ಹಿಡಿದು ಬಂದು ಮತ್ತೆ ಬೀಗ ಕಂಡವರಿಗೆ, ಇವನು ಎಲ್ಲಿ ಕೂರುತ್ತಾನೆಂದು ಬೋರಣ್ಣ ಬಾಯಿಬಿಟ್ಟಿದ್ದ. ಅವರು ಬಂದವರೇ ಡ್ರೈವರನ್ನು ಕರೆದು ಎರಡೂ ಕಡೆಯಿಂದ ಎತ್ತಿಸಿ ಆಟೋದಲ್ಲಿ ಕೂರಿಸಿದರು. ಆಸ್ಪತ್ರೆಗೆ ಹೋಗೋಣ ಎಂದರೆ ಇವನು ಬೇಡವೆಂದು ಕೈಯಾಡಿಸಿದ. ಔಟ್‌ಹೌಸಿನ ಬೀಗದ ಕೈ ಹುಡುಕುತ್ತಾ ನಿಲ್ಲದೆ, ತಮ್ಮ ಮನೆಯ ಮುಂಬಾಗಿಲು ತೆರೆದು, ಹಾಲ್‌ನ ಪ್ಲಗ್ಗಿಗೆ ಅವನ ಕೈಚೀಲದ ಚಾರ್ಜರು ಚುಚ್ಚಿದರು. ದ್ಯಾಮಣ್ಣ ಸೋಫಾದ ಅಂಚಿನಲ್ಲಿ ಕೂತು, ಬಹಳ ಹೊತ್ತು ಬರೀ ಉಸಿರಾಡಿದ. ಮೀಟರಿನ ಅಂಕಿ ಮೇಲೆ ಬಂತು. ಅಂಕಿಯ ಜೊತೆ ಅನುಮಾನವೂ ಎದ್ದು ಕೂತಿತು.

"ಪಂಚಕದ ದಿನಾ ನೋಡಿ ನೋಡಿ ಬರ್ತೀರಿ, ಹೌದಿಲ್ರೀ ಅಮ್ಮಾರ?" ಎಂದ.

"ಹೌದು. ನೋಡ್ಕೊಂಡೇ ಬರ್ತೀನಿ."

"ನಾ ಸತ್ತರ ಮನಿಗೆ ಕೀಲಿ ಹಾಕ್ತೀರಿ."

"ಹಾಕ್ಲೇಬೇಕು. ನಮ್ಮನೇಲಿ ನಡ್ಕೊಂಡ್ ಬಂದಿದೆ. ನಾನು ಬಿಡೋಳಲ್ಲ."

ದ್ಯಾಮಣ್ಣ ಬೆಪ್ಪಾದ. ಇಷ್ಟು ವರ್ಷ ಜನರ ಮಾತಿನ ಹಿಂದಿನ ಮಾತನ್ನು ಕೆದಕಿ ತೆಗೆದವನಿಗೆ, ಕೆದಕುವುದಕ್ಕೆ ಏನನ್ನೂ ಉಳಿಸದ ಮನುಷ್ಯರು ಸಿಕ್ಕಿದ್ದು ಇದೇ ಮೊದಲು.

ನಾಗಲಕ್ಷ್ಮಮ್ಮ ಎದುರಿನ ಕುರ್ಚಿಯಲ್ಲಿ ಕೂತು ತಮ್ಮ ಕಥೆ ಹೇಳಿದರು. ಅವರ ಯಜಮಾನರು ಸೇತುರಾಮಯ್ಯ ಹೋದದ್ದು ಇದೇ ಮನೆಯಲ್ಲಿ, ಧನಿಷ್ಠೆಯಲ್ಲಿ. ವೈಕುಂಠ ಸಮಾರಾಧನೆ ಮುಗಿದ ಮರುದಿನ ಮೈದುನಂದಿರು ಮನೆಗೆ ಬೀಗ ಹಾಕಿದರು. ಆರು ತಿಂಗಳು ಆಕೆ ಒಂದು ಪೆಟ್ಟಿಗೆ ಹಿಡಿದು ನೆಂಟರ ಮನೆಯಿಂದ ನೆಂಟರ ಮನೆಗೆ ತಿರುಗಿದರು. ಬೇಡ ಅಂತ ಯಾರೂ ಹೇಳಲಿಲ್ಲ, ಬಾ ಅಂತಲೂ ಯಾರೂ ಹೇಳಲಿಲ್ಲ ಎಂದರು. ಎಲ್ಲರ ಊಟವಾದ ಮೇಲೆ ಕೂತು ಉಣ್ಣುತ್ತಿದ್ದರಂತೆ. ಮುಂದೆ ಯಾರ ಮನೆ ಎಂದು ನೆಂಟರು ತಮ್ಮ ಮಕ್ಕಳ ಕೈಲಿ ಕೇಳಿಸುತ್ತಿದ್ದರಂತೆ. ಗಂಡ ಹೋದ ದುಃಖಕ್ಕಿಂತ ಆ ಆರು ತಿಂಗಳ ಅವಮಾನವೇ ಈಗಲೂ ಹೆಚ್ಚು ಉರಿಯುತ್ತದೆ ಎಂದು ಹೇಳುವಾಗ ಅವರ ದನಿ ಗಟ್ಟಿಯಾಗಿಯೇ ಇತ್ತು.

"ಅದಕ್ಕೇ ಕೇಳಿದ್ದು, ಅವಳಿಗೆ ಯಾರಿದಾರೆ ಅಂತ. ಯಾರೂ ಇಲ್ಲ ಅಂದ್ರಿ. ಅವತ್ತೇ ತೀರ್ಮಾನ ಮಾಡ್ದೆ. ನೀವು ಯಾವ ನಕ್ಷತ್ರದಲ್ಲಾದ್ರೂ ಹೋಗಿ ದ್ಯಾಮಣ್ಣ, ಶಾಸ್ತ್ರಕ್ಕೆ ಹಿಂದಿನ ಮನೆಗೆ ಬೀಗ ಹಾಕ್ತೀನಿ. ಶಿವವ್ವ ಇಲ್ಲಿ ನನ್ ಜೊತೆ ಇರ್ತಾಳೆ."

ಬೇರೆಯವನಾಗಿದ್ದರೆ ಕೈಮುಗಿಯುತ್ತಿದ್ದ. ದ್ಯಾಮಣ್ಣ, ಪಾಲಿಶ್ ಮುಗಿದ ದಿನ ಮನೆಯವರು ಕಲೆ ಹುಡುಕುತ್ತಿದ್ದಂತೆ, ಆ ಮಾತಿನ ಮೂಲೆ ನೋಡಿದ. ಒಂದು ವರ್ಷದಿಂದ ಈ ಕಾಂಪೌಂಡಿನೊಳಗೇ ಇದ್ದರೂ ಶಿವವ್ವ ದೊಡ್ಡ ಮನೆಯ ಹಿತ್ತಿಲ ಬಾಗಿಲು ದಾಟಿರಲಿಲ್ಲ. ಬಾಡಿಗೆಯನ್ನು ಹೊರಗೆ ನಿಂತೇ ಕೊಡುತ್ತಿದ್ದಳು, ಸಾರಿನ ಪಾತ್ರೆಯನ್ನು ತೊಳೆದು ಕಟ್ಟೆಯ ಮೇಲಿಟ್ಟು ಬರುತ್ತಿದ್ದಳು. ಬರಬೇಡ ಎಂದು ಇವರೂ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

"ಇಲ್ಲಿ ಅಂದ್ರ ಎಲ್ಲಿರೀ?" ಎಂದು ಕೇಳಿದ. "ಪಡಸಾಲ್ಯಾಗೇನು, ಒಳಗೇನು? ಒಲಿ ಮುಟ್ಟಗೊಡ್ತೀರೇನು ಅಕಿನ್ನ?"

ನಾಗಲಕ್ಷ್ಮಮ್ಮ ತಮ್ಮ ಕಥೆಯನ್ನು ತಾವೇ ಈಗ ಕೇಳಿಸಿಕೊಂಡವರಂತೆ ಕೂತರು.  ಮೆಷಿನ್ ಉಸಿರಿಗೊಂದು ಸಲ ಟಿಕ್ ಎನ್ನುತ್ತಿತ್ತು.

ಅಷ್ಟರಲ್ಲಿ ಶಿವವ್ವ ಬಂದಳು. ಬೋರಣ್ಣನಿಂದ ಫೋನಿನಲ್ಲಿ ಅರ್ಧ ಸುದ್ದಿ ಕೇಳಿ ಖಾನಾವಳಿಯ ಕೆಲಸ ಅಲ್ಲಿಗೇ ಬಿಟ್ಟು ಓಡೋಡಿ ಬಂದಿದ್ದಳು. ಮುಂಬಾಗಿಲಿನ ಹೊರಗೆ, ಹೊಸ್ತಿಲಿನ ಆಚೆ, ಸೆರಗು ಬಿಗಿಹಿಡಿದು ನಿಂತಳು. ಗಂಡ ಕೂತಿರುವುದನ್ನೂ ಉಸಿರಾಡುತ್ತಿರುವುದನ್ನೂ ಅಲ್ಲಿಂದಲೇ ನೋಡಿ ಅವಳ ಕಣ್ಣು ತುಂಬಿತು.

"ಒಳಗೆ ಬಾ," ಎಂದರು ನಾಗಲಕ್ಷ್ಮಮ್ಮ.

"ಕೈಯೆಲ್ಲ ಹಿಟ್ಟಾಗೇದ್ರೀ ಅಮ್ಮಾರ. ಇಲ್ಲೇ ನಿಲ್ತೀನಿ."

ನಾಗಲಕ್ಷ್ಮಮ್ಮ ಎದ್ದುಹೋಗಿ ಆ ಹಿಟ್ಟಿನ ಕೈಯನ್ನೇ ಹಿಡಿದುಕೊಂಡರು. "ಅಡಿಗೆಮನೇಲಿ ನಲ್ಲಿ ಇದೆ, ತೊಳ್ಕೊ ಬಾ. ಈಗಿಂದ್ಲೇ ರೂಢಿ ಆಗ್ಲಿ."

ಯಾತರ ರೂಢಿ ಎಂದು ಶಿವವ್ವನಿಗೆ ತಿಳಿಯಲಿಲ್ಲ. ಗಂಡನ ಮುಖ ನೋಡಿದಳು. ಅವನಿಗೆ ತಿಳಿದಿತ್ತು. ತಾನಿಲ್ಲದ ಮನೆಯಲ್ಲಿ ಅವಳು ಓಡಾಡುವುದನ್ನು ಕಣ್ಣಾರೆ ಕಂಡಂತಾಯಿತು. ಆದರೂ ನಳಿಕೆ ಸರಿಮಾಡಿಕೊಂಡು ತಾನೂ ಕರೆದ.

"ಬಾ, ಒಳಗ ಬಾ."