ತಾಯಿ ಬಂದವರು, ಬಾರದವರು

ಎಂಬತ್ತರ ದಶಕದ ಆ ಬೇಸಿಗೆಗಳಲ್ಲಿ ನಮ್ಮ ನೇಕಾರರ ಬೀದಿಯ ಮಕ್ಕಳಲ್ಲಿ ಎರಡೇ ಜಾತಿ ಇದ್ದವು. ಒಂದು ತಾಯಿ ಬಂದವರದು, ಇನ್ನೊಂದು ತಾಯಿ ಬಾರದವರದು. ಪೆರಿಯನಾಯಕನಪಾಳ್ಯದ ಮಿಲ್ಲಿನ ಸಂಗು, ಅಂದರೆ ಸೈರನ್, ಊದಿದರೆ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು, ಅಷ್ಟು ಹತ್ತಿರ. ಬೀದಿಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಆದರೆ ಸೀತಾಳೆ ಸಿಡುಬನ್ನು ಮಾತ್ರ ಎರಡು ಭಾಷೆಯಲ್ಲೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. ‘ಅವರ ಮನೆಗೆ ತಾಯಿ ಬಂದವ್ಳೆ’ ಅನ್ನಬೇಕು. ಅದೂ ದನಿ ತಗ್ಗಿಸಿ, ಬಂದವಳಿಗೆ ಬೇಸರವಾಗದ ಹಾಗೆ.

ತಾಯಿ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಒಗ್ಗರಣೆ ಬಂದ್, ಎಣ್ಣೆ ಬಂದ್, ಹೊರಗಿನವರು ಒಳಗೆ ಬರುವುದೂ ಬಂದ್. ಯಾರಾದರೂ ಬಾಗಿಲಿಗೆ ಬಂದರೆ ನಮ್ಮ ಅವ್ವ, ಅಂದರೆ ಅಪ್ಪನ ತಾಯಿ, ಜಗಲಿಯಲ್ಲಿ ಕೂತಲ್ಲಿಂದಲೇ ವಿಚಾರಣೆ ಮಾಡುತ್ತಿದ್ದಳು.

“ನಿಂಗೆ ಬಂದಾಗಿದೆಯಾ?”

“ಬಂದಾಗಿದೆ ಅವ್ವ.”

“ಹಂಗಾದ್ರೆ ಕಾಲು ತೊಳ್ಕೊಂಡು ಒಳಗೆ ಬಾ.”

ಒಮ್ಮೆ ಬಂದು ಹೋದ ತಾಯಿ ಅದೇ ಮೈಗೆ ಮತ್ತೆ ಬರುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಹಾಗಾಗಿ ಮಲಗಿದವರ ಹತ್ತಿರ ಕೂತು ಬೇವಿನ ಎಲೆಯಲ್ಲಿ ಗಾಳಿ ಹಾಕಲು, ಎಳನೀರು ಕುಡಿಸಲು, ಹೊತ್ತು ಹೋಗಲೆಂದು ಹುಣಸೆ ಬೀಜ ಇಟ್ಟು ಅಳಗುಳಿಮಣೆ ಆಡಲು ಬಂದವರಿಗಷ್ಟೇ ಹಕ್ಕು. ಆ ಮಕ್ಕಳ ಗತ್ತೇ ಬೇರೆ. ಬಾರದ ಮಕ್ಕಳು ಬೀದಿಯ ಆಚೆ ನಿಂತು, ಒಳಗೆ ಏನು ನಡೆಯುತ್ತಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ನಾನು ಬಂದವರ ಪೈಕಿ. ನನ್ನ ಹುಬ್ಬಿನ ಮೇಲೆ ಹುಣಸೆ ಬೀಜದಷ್ಟೂ ಇಲ್ಲದ ಎರಡು ಗುಂಡು ಕಲೆಗಳಿವೆ, ಈಗಲೂ. ನಾನು ಕೂಸಾಗಿದ್ದಾಗ ಅಮ್ಮ ತಮ್ಮನ ಹೆರಿಗೆಗೆಂದು ತವರಿಗೆ ಹೋಗಿದ್ದಳಂತೆ, ನಾನು ಅವ್ವನ ಹತ್ತಿರ ಇದ್ದೆನಂತೆ. ಬೀದಿಯಲ್ಲೆಲ್ಲ ತಾಯಿ ಓಡಾಡುತ್ತಿದ್ದ ಸಮಯ. ಒಂದು ಬೆಳಿಗ್ಗೆ ನೋಡಿದರೆ ನನಗೆ ಜ್ವರ, ಹಣೆಯಲ್ಲಿ ಎರಡು ಬೊಬ್ಬೆ. “ಕೂಸು ಅಂತ ಕನಿಕರ ಪಟ್ಟು ಎರಡೇ ಎರಡು ಮುತ್ತು ಇಟ್ಟು ಹೊರಟುಹೋದ್ಲು ಮಹಾತಾಯಿ” ಎಂದು ಅವ್ವ ನನ್ನ ಹಣೆ ಸವರಿ ಎಲ್ಲರಿಗೂ ತೋರಿಸುತ್ತಿದ್ದಳು. ನಾನೂ ಮುಖ ಮುಂದೆ ಮಾಡಿ ನಿಲ್ಲುತ್ತಿದ್ದೆ. ಇಡೀ ಬೀದಿಯಲ್ಲಿ ಅಷ್ಟು ಅಗ್ಗಕ್ಕೆ ಪಾರಾದವಳು ನಾನೊಬ್ಬಳೇ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ತಮ್ಮ ಸೋಮುವಿಗೆ ತಾಯಿ ಬಂದಳು. ಬೇರೆ ವರ್ಷವಾಗಿದ್ದರೆ ಅವ್ವ ಅದನ್ನು ಹಬ್ಬದಂತೆ ನಡೆಸಿಬಿಡುತ್ತಿದ್ದಳು. ಆ ವರ್ಷ ಹಾಗಾಗಲಿಲ್ಲ, ಏಕೆಂದರೆ ಮನೆಯಲ್ಲಿ ಚಿಕ್ಕಮ್ಮ ಇದ್ದಳು. ಅಪ್ಪನ ತಮ್ಮನ ಹೆಂಡತಿ, ಏಳು ತಿಂಗಳ ಬಸುರಿ. ಚೊಚ್ಚಲಿಗೆ ತವರಿಗೆ ಕಳಿಸೋಣವೆಂದರೆ ಅವಳಿಗೆ ತಾಯಿಯಿಲ್ಲ. ನೆನಪು ಮೂಡುವ ಮೊದಲೇ ಹೆತ್ತವಳನ್ನು ಕಳೆದುಕೊಂಡು ಧಾರಾಪುರದಲ್ಲಿ ಸೋದರತ್ತೆಯ ಕೈಯಲ್ಲಿ ಬೆಳೆದವಳು. ಅಮ್ಮನ ಮುಖ ಹೇಗಿತ್ತೆಂದು ಕೂಡ ಗೊತ್ತಿಲ್ಲ ಎಂದು ಅವಳು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ನಾನೆಂದರೆ ಅವಳಿಗೆ ಪ್ರಾಣ, ಅವಳೆಂದರೆ ನನಗೂ. ನನ್ನ ಸಿಕ್ಕು ಕೂದಲನ್ನು ನೋವಾಗದಂತೆ ಬಾಚುತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ.

“ನಿಂಗೆ ಬಂದಾಗಿದೆಯಾಮ್ಮ?” ಅವ್ವ ಕೇಳಿದಳು.

“ನೆನಪಿಲ್ಲ ಅತ್ತೆ.”

“ನೆನಪಿಲ್ಲ ಅಂದ್ರೆ ಬಂದಿಲ್ಲ ಅಂತಾನೆ ಇಟ್ಕೋಬೇಕು. ಹೊಟ್ಟೇಲಿ ಕೂಸು ಬೇರೆ ಐತೆ.”

ಅಷ್ಟೇ, ಚಿಕ್ಕಮ್ಮನನ್ನು ಹಿತ್ತಲ ಕಡೆಯ ನೂಲಿನ ಕೋಣೆಗೆ ಸೇರಿಸಿದರು. ಅಮ್ಮ ಹಗಲು ರಾತ್ರಿ ಸೋಮುವಿನ ಪಕ್ಕ. ಅವನನ್ನು ಬಿಟ್ಟು ಏಳುವಂತಿಲ್ಲ. ಹಾಗಾದರೆ ಚಿಕ್ಕಮ್ಮನಿಗೆ ಊಟ ಒಯ್ಯುವವರು ಯಾರು? ಅವ್ವ ನನ್ನ ಹಣೆ ನೋಡಿದಳು. ಬಂದು ಹೋದ ಮೈ, ಎರಡು ಕಡೆಗೂ ಓಡಾಡಬಹುದು, ನಡುವೆ ಕಾಲಿಗೆ ಅರಿಶಿನದ ನೀರು ಹಾಕಿಕೊಂಡರೆ ಸಾಕು ಎಂದು ತೀರ್ಪು ಕೊಟ್ಟಳು. ಮುಂದಿನ ಕೋಣೆಯಲ್ಲಿ ತಮ್ಮನ ಜೊತೆ ಆಟ, ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮನ ಜೊತೆ ಮಾತು. ಅಂಥ ರಜೆ ನನಗೆ ಮತ್ತೆ ಸಿಗಲಿಲ್ಲ.

ಮನೆಯ ತುಂಬ ಬೇವಿನ ಕಹಿ ವಾಸನೆ, ಅರಿಶಿನದ ವಾಸನೆ, ಅವುಗಳ ಅಡಿಯಲ್ಲಿ ಯಾವತ್ತಿನಂತೆ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ. ಊಟಕ್ಕೆ ಸಜ್ಜೆ ಅಂಬಲಿ, ಮಜ್ಜಿಗೆ, ಸಣ್ಣ ಈರುಳ್ಳಿ. ಕುಟ್ಟುವುದು ಬೀಸುವುದು ಎಲ್ಲ ನಿಂತಿತ್ತು, ತಾಯಿಗೆ ಸದ್ದು ಆಗದು ಎಂದು. ಅಪ್ಪ ಮತ್ತು ಚಿಕ್ಕಪ್ಪನ ಮಗ್ಗಗಳು ಮಾತ್ರ ಟಕಟಕ ಅನ್ನುತ್ತಲೇ ಇದ್ದವು. ಅದು ಹೇಗೆ ಎಂದು ಕೇಳಿದ್ದಕ್ಕೆ ಅವ್ವ, “ಮಗ್ಗದ ಸದ್ದಿಗೆ ಅವಳು ಬೇಜಾರು ಮಾಡ್ಕೊಳಲ್ಲ ಬಿಡು. ಅವಳಿಗೂ ಸೀರೆ ಬೇಕಲ್ವಾ?” ಅಂದಳು. ದೇವರ ಜೊತೆಗಿನ ಅವಳ ಒಪ್ಪಂದಗಳು ಹೀಗೆ ತುಂಬ ಅನುಕೂಲವಾಗಿರುತ್ತಿದ್ದವು.

ಸೋಮುವಿನ ಮೈಮೇಲಿನ ಮುತ್ತುಗಳು ಒಣಗಿ ಹೊಟ್ಟು ಉದುರಿದವು. ಬೇವಿನ ಸೊಪ್ಪು ಹಾಕಿ ಬಿಸಿಲಿಗಿಟ್ಟ ನೀರಿನಲ್ಲಿ ಅವನ ತಲೆಗೆ ನೀರು ಹಾಕಿ, ತಾಯಿಯನ್ನು ಕಳಿಸಿಕೊಟ್ಟೆವು ಎಂದು ಎಲ್ಲರೂ ಉಸಿರು ಬಿಟ್ಟರು. ಅವತ್ತು ಮಧ್ಯಾಹ್ನ ಚಿಕ್ಕಮ್ಮ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಂತಿತು. ನನ್ನ ಜಡೆ ಎತ್ತಿ ಕತ್ತಿನ ಹಿಂದೆ ನೋಡಿದಳು.

“ಅಮ್ಮಣಿ, ಇಲ್ಲಿ ಕೆರೀತದಾ?”

“ಬೆಳಿಗ್ಗೆಯಿಂದ ಕೆರೀತಾ ಇದೆ ಚಿಕ್ಕಮ್ಮ. ಸೊಳ್ಳೆ.”

ಅದು ಸೊಳ್ಳೆಯಲ್ಲ. ನೀರು ತುಂಬಿದ ಮುತ್ತು. ರವಿಕೆ ಸರಿಸಿದರೆ ಬೆನ್ನ ಮೇಲೆ ಇನ್ನೂ ನಾಲ್ಕಾರು. ಚಿಕ್ಕಮ್ಮನ ಒಂದು ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು, ಇನ್ನೊಂದು ಮಾತ್ರ ನನ್ನ ಭುಜ ಬಿಡಲಿಲ್ಲ. “ಅತ್ತೆ, ಸ್ವಲ್ಪ ಬನ್ನಿ” ಎಂದು ಕೂಗಿದಳು.

ಅವ್ವ ಬಂದು ನೋಡಿದಳು. “ಒಂದ್ಸಲ ಬಂದವ್ರಿಗೆ ಇನ್ನೊಂದ್ಸಲ ಬರೋದು ಎಲ್ಲಾದ್ರೂ ಉಂಟಾ? ನಾವೇನು ತಪ್ಪು ಮಾಡಿದ್ವಿ?” ಎಂದು ಕೈ ಮುಗಿದಳು. ಅವಳ ಜೀವನದ ಲೆಕ್ಕವೇ ತಲೆಕೆಳಗಾಗಿತ್ತು. ಆಗ ಮುಂದಿನ ಕೋಣೆಯಲ್ಲಿ ಒಂದು ಮಗ್ಗ ನಿಂತಿತು. ಚಿಕ್ಕಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು ಗೋಡೆ ಹಿಡಿದು ನಿಂತ.

“ಅಮ್ಮಾ, ಅವಳಿಗೆ ಆವತ್ತು ತಾಯಿ ಬಂದಿರಲಿಲ್ಲ.”

“ಏನೋ ಹಂಗಂದ್ರೆ?”

“ಪಾವಿಗೆ ಗಂಜಿ ಕಾಯಿಸ್ತಾ ಇದ್ದೆ. ಕೂಸು ಪಕ್ಕಕ್ಕೆ ಬಂದದ್ದು ನೋಡ್ಲಿಲ್ಲ. ಸೌಟು ಎತ್ತಿದಾಗ ಎರಡು ಹನಿ ಅವಳ ಹಣೆಗೆ ಸಿಡೀತು. ಹೊಡೀತೀಯ ಅಂತ ಹೇಳ್ಲಿಲ್ಲ. ಬೆಳಿಗ್ಗೆ ನೀನೇ ತಾಯಿ ಬಂದವ್ಳೆ ಅಂತ ಕೈ ಮುಗ್ದೆ. ಆಮೇಲೆ ಹೆಂಗೆ ಹೇಳೋದು?”

ಪಾವು ಅಂದರೆ ಸೀರೆಯ ಉದ್ದದ ನೂಲು. ಅದನ್ನು ಬೀದಿಯುದ್ದಕ್ಕೂ ಬಿಗಿದು ಕುದಿಸಿದ ಗಂಜಿ ಸವರುವುದು ನಮ್ಮಲ್ಲಿ ಎಲ್ಲ ಮನೆಯ ಕೆಲಸ. ಆ ಜ್ವರ ಹಲ್ಲು ಬರುವ ಹೊತ್ತಿನದಿರಬೇಕು. ನೇಕಾರರ ಮನೆಯ ಗಂಜಿಯ ಹನಿಗಳನ್ನು ಇಷ್ಟು ವರ್ಷ ನಾವೆಲ್ಲ ದೇವಿಯ ಮುತ್ತೆಂದು ಪೂಜಿಸಿಕೊಂಡು ಬಂದಿದ್ದೆವು. ನನ್ನ ಗತ್ತೆಲ್ಲ ಆ ಕ್ಷಣಕ್ಕೆ ಇಳಿದುಹೋಯಿತು.

ಅವ್ವ ಬೈಯಲಿಲ್ಲ. ನಮಗೆ ಭಯವಾದದ್ದು ಅದಕ್ಕೇ. ಮಿಲ್ಲಿನ ಡಾಕ್ಟರನ್ನು ಅಪ್ಪ ಕೇಳಿಕೊಂಡು ಬಂದ. ಚಿಕ್ಕಮ್ಮನಿಗೆ ಮೊದಲು ಬಂದಿದ್ದರೆ ಏನೂ ಹೆದರಬೇಕಿಲ್ಲ, ಬಂದಿಲ್ಲದಿದ್ದರೆ ತಾಯಿ ಮಗು ಇಬ್ಬರಿಗೂ ಕಷ್ಟವಾಗಬಹುದು, ಮೈಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಇದು ಅಂಟುತ್ತದೆ ಅಂದರಂತೆ. ನಾನು ಅವಳ ತಟ್ಟೆ ಮುಟ್ಟಿದ್ದೆ, ಅವಳ ಮಡಿಲಲ್ಲಿ ತಲೆ ಇಟ್ಟಿದ್ದೆ. ಉಳಿದ ಪ್ರಶ್ನೆ ಒಂದೇ. ಬಂದಿತ್ತೋ, ಇಲ್ಲವೋ?

“ನಿಂತು ನೋಡ್ತಾ ಇದ್ದೀಯಲ್ಲ, ಹೋಗು ಧಾರಾಪುರಕ್ಕೆ. ಕೇಳ್ಕೊಂಡು ಬಾ” ಅಂದಳು ಅವ್ವ. ಚಿಕ್ಕಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಸ್ಸಿಗೆ ಓಡಿದ.

ಆ ರಾತ್ರಿ ನನಗೆ ಜ್ವರ ಏರಿತು. ಬೇವಿನ ಎಲೆ ಹರಡಿದ ಚಾಪೆಯ ಮೇಲೆ ಮಲಗಿದ್ದೆ. ತಲೆಯೊಳಗೆ, ಬಾಯೊಳಗೆ, ಎಲ್ಲೆಲ್ಲೂ ಮುತ್ತು. ಅಮ್ಮ ಪಕ್ಕದಲ್ಲೇ ಇದ್ದರೂ ನಾನು ಚಿಕ್ಕಮ್ಮ ಬೇಕೆಂದು ಹಠ ಹಿಡಿದು ಅತ್ತೆ. ಹಿತ್ತಲ ಕೋಣೆಯಿಂದ ಅವಳ ದನಿ ಮಾತ್ರ ಬರುತ್ತಿತ್ತು. “ಕೆರ್ಕೋಬೇಡ ನನ್ನ ಕಣ್ಣೇ, ಕಲೆ ಆಗ್ತದೆ. ನಾನು ಇಲ್ಲೇ ಇದ್ದೀನಿ.” ಆ ದನಿಯಲ್ಲೂ ಅಳು ಇತ್ತು.

ಮರುದಿನ ಸಂಜೆ ಚಿಕ್ಕಪ್ಪ ಒಬ್ಬನೇ ಬರಲಿಲ್ಲ. ಹಿಂದೆಯೇ ಧಾರಾಪುರದ ಸೋದರತ್ತೆ, ಕಂಕುಳಲ್ಲಿ ಬಟ್ಟೆಯ ಚೀಲ, ಬಾಯಲ್ಲಿ ಎಲೆ ಅಡಿಕೆ. ಜಗಲಿಯಲ್ಲಿ ನಿಂತೇ ಶುರು ಮಾಡಿದಳು.

“ಇವಳಿಗೆ ಬಂದಿಲ್ಲ ಅಂತ ಯಾರಕ್ಕ ಹೇಳಿದ್ದು? ಸತ್ಯವಾಗ್ಲೂ ಹೇಳ್ತೀನಿ, ಸೂಜಿ ಇಡೋಕೂ ಜಾಗ ಇಲ್ದಂಗೆ ಬಂದಿತ್ತು. ಬೇಕಾದ್ರೆ ಕಿವಿ ಹಿಂದೆ ಕಲೆ ನೋಡು.”

“ಕಲೆ ಮಾತು ಬೇಡಮ್ಮ” ಅಂದಳು ಅವ್ವ. “ಕಲೆ ನಂಬಿ ಒಂದ್ಸಲ ಕೆಟ್ಟಿದ್ದೀನಿ. ನೀನು ಕಣ್ಣಾರೆ ನೋಡಿದ್ಯಾ?”

“ನೋಡೋದೇನು, ಪಕ್ಕದಲ್ಲೇ ಇದ್ದೆ. ಆಗ ಇವಳಮ್ಮ ಇನ್ನೂ ಇದ್ಲು. ಕೂಸನ್ನ ಕೆಳಗೆ ಮಲಗ್ಸಿದ್ರೆ ಮುತ್ತು ಒತ್ತುತ್ತೆ ಅಂತ ರಾತ್ರಿ ಎಲ್ಲಾ ತೊಡೆ ಮೇಲೆ ಹಾಕ್ಕೊಂಡು ಗಾಳಿ ಹಾಕ್ತಾ ಕೂತಿದ್ಲು. ನಾನು ಕೊಡು ಅಂದ್ರೂ ಕೊಡ್ಲಿಲ್ಲ, ಮಹಾ ಹಠದವಳು.”

ನೂಲಿನ ಕೋಣೆಯ ಬಾಗಿಲು ತೆರೆಯಿತು. ಚಿಕ್ಕಮ್ಮ ಬಾಗಿಲಲ್ಲೇ ನಿಂತು, “ಅಮ್ಮ ಎತ್ಕೊಂಡಿದ್ಲಾ ನನ್ನ?” ಅಂದಳು. ಸೋದರತ್ತೆಯ ಜೋರು ದನಿ ಇಳಿಯಿತು. “ಆಮಾ ಕಣ್ಣು, ಹೌದು. ಇಳಿಸಲೇ ಇಲ್ಲ” ಅಂದಳು.

ಚಿಕ್ಕಮ್ಮ ಅತ್ತಳು. ಮಗು ಉಳಿಯಿತೆಂಬ ಸಂತೋಷಕ್ಕೆ ಎಂದೇ ಆಗ ನಾನು ತಿಳಿದಿದ್ದೆ. ಅತ್ತು ಮುಗಿಸಿ ಮುಖ ತೊಳೆದು, ಯಾರ ಅಪ್ಪಣೆಗೂ ಕಾಯದೆ ನೇರ ನನ್ನ ಚಾಪೆಗೆ ಬಂದಳು. ಅಮ್ಮನ ಕೈಯಿಂದ ಬೇವಿನ ಸೊಪ್ಪು ತೆಗೆದುಕೊಂಡಳು. ಕೆಳಗೆ ಕೂರಲು ಅವಳಿಗೆ ಕಷ್ಟವಾಗಿತ್ತು, ಆದರೂ ಕೂತಳು. ನನ್ನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅಷ್ಟು ಸುಖವಾಗಿ ನಾನು ಯಾವ ಕಾಯಿಲೆಯಲ್ಲೂ ಮಲಗಿದ್ದಿಲ್ಲ.

ಮುಂದೆ ನಾನು ಕಲಿತದ್ದು ಜೀವಶಾಸ್ತ್ರ, ಕಲಿಸುತ್ತಿರುವುದೂ ಅದೇ, ಹೆಣ್ಣುಮಕ್ಕಳ ಶಾಲೆಯಲ್ಲಿ, ತಮಿಳಿನಲ್ಲಿ. ಒಮ್ಮೆ ಮೈಯೊಳಗೆ ನುಗ್ಗಿದ ರೋಗಾಣುವಿನ ಜೊತೆ ನಮ್ಮ ರಕ್ತದ ಬಿಳಿಕಣಗಳು ಹೋರಾಡುತ್ತವೆ. ಗೆದ್ದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ಮಾತ್ರ ಆ ವೈರಿಯ ಗುರುತು ಇಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಮತ್ತೆ ಅದೇ ವೈರಿ ಬಂದರೆ ನಮಗೆ ಗೊತ್ತಾಗುವ ಮೊದಲೇ ಮುಗಿಸಿಬಿಡುತ್ತವೆ. ಬೋರ್ಡಿನ ಮೇಲೆ ಈ ಪಾಠ ಬರೆಯುವಾಗಲೆಲ್ಲ ನನಗೆ ಚಿಕ್ಕಮ್ಮನದೇ ಯೋಚನೆ. ಅಮ್ಮನ ಮುಖವನ್ನು ಅವಳ ಮನಸ್ಸು ಮರೆತಿತ್ತು. ಆದರೆ ಅಮ್ಮನ ತೊಡೆಯ ಮೇಲೆ ಮಲಗಿ ಗೆದ್ದ ಆ ಕಾಯಿಲೆಯನ್ನು ಅವಳ ರಕ್ತ ಮರೆತಿರಲಿಲ್ಲ. ಅವತ್ತು ಅವಳು ಯಾಕೆ ಅತ್ತಳೆಂದು ತಿಳಿಯಲು ನಾನು ಇಷ್ಟೆಲ್ಲ ಓದಬೇಕಾಯಿತು.

ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಅವಳಿಗೆ ಹೆಣ್ಣುಮಗು ಹುಟ್ಟಿತು. ಅದೇ ಮಳೆಗಾಲದಲ್ಲಿ ಎದುರು ಮನೆಗೆ ಮತ್ತೆ ತಾಯಿ ಬಂದಾಗ ಎಲ್ಲರೂ ಹೆದರಿದರು, ಕೂಸಿಗೆ ಒಂದು ಮುತ್ತೂ ಏಳಲಿಲ್ಲ. “ಇವಳು ಹೊಟ್ಟೆಯೊಳಗೇ ಕಾವಲು ಕೊಟ್ಟು ಕಳಿಸವ್ಳೆ” ಎಂದು ಅವ್ವ ಲಟಿಕೆ ಮುರಿದಳು. ತಾಯಿಯ ರಕ್ಷಣೆ ಕೆಲವು ತಿಂಗಳು ಮಗುವಿಗೂ ಇರುತ್ತದೆ ಎಂದು ನನ್ನ ಪಾಠದ ಪುಸ್ತಕವೂ ಹೇಳುತ್ತದೆ. ಅಂದರೆ ಹೆಸರು ಹಿಡಿದು ಕರೆಯಬಾರದ ಆ ರೋಗದ ಲೆಕ್ಕದಲ್ಲಿ, ಧಾರಾಪುರದ ಆ ಹಠದವಳ ಆರೈಕೆ ಮೊಮ್ಮಗಳವರೆಗೂ ಬಂದು ಮುಟ್ಟಿತ್ತು.

ಈಗ ಸೀತಾಳೆಗೂ ಸೂಜಿ ಬಂದಿದೆ. ನನ್ನ ಮಕ್ಕಳು ಬೇವಿನ ಚಾಪೆ ಕಂಡವರಲ್ಲ, ಆ ತುರಿಕೆ ಅವರಿಗೆ ತಪ್ಪಿದ್ದು ನನಗೆ ನಿಜವಾಗಿಯೂ ಸಂತೋಷ. ಹೋದದ್ದು ರೋಗವೊಂದೇ ಅಲ್ಲ, ಆ ಕಾಲದ ಒಂದು ಧೈರ್ಯವೂ. ಯಾರು ಮಲಗಿದರೂ, ಒಳಗೆ ಹೋಗಿ ಪಕ್ಕದಲ್ಲಿ ಕೂರಬಲ್ಲವರು ಬೀದಿಯಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು. ಅದು ಹೋಯಿತೆಂದು ನನಗೆ ತಿಳಿದದ್ದು ಕೊರೊನಾದ ಮೊದಲ ವರ್ಷ. ಚಿಕ್ಕಮ್ಮನಿಗೆ ಬಂತು. ಗುಣವಾಯಿತು, ಈಗ ಮೊಮ್ಮಕ್ಕಳ ತಲೆ ಬಾಚುತ್ತಾ ಚೆನ್ನಾಗಿದ್ದಾಳೆ. ಆದರೆ ಆ ದಿನಗಳಲ್ಲಿ ಕೇಳಿದರೆ, ಆ ರೋಗ ಬಂದು ಹೋದವರು ನಮ್ಮ ಇಡೀ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ನಾನು ಗೇಟಿನ ಹೊರಗೆ ಅನ್ನದ ಡಬ್ಬಿ ಹಿಡಿದು ನಿಂತಿದ್ದೆ. ಅವಳು ಕಿಟಕಿಗೆ ಬಂದಳು.

“ನಿಂಗೆ ಬಂದಿಲ್ಲ ತಾನೇ ಅಮ್ಮಣಿ? ಅಲ್ಲೇ ನಿಲ್ಲು, ಒಳಗೆ ಬರಬೇಡ.”

ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಒಂದು ಕಾಯಿಲೆ ನನಗೆ ಮೊದಲೇ ಬಂದು ಹೋಗಿರಬಾರದಿತ್ತೇ ಎಂದು ಅವತ್ತು ಬಹಳ ಆಸೆಯಾಯಿತು.